ಕೆಂಪು ಕಾರಿನ ಹಗಲು ದೀಪ

ಡಾಕ್ಟರ್ ಕಾವೇರಿ ಪುಣೆಯಿಂದ ಕೆಂಪು ಸ್ಪೋರ್ಟ್ಸ್ ಕಾರು ತಂದಾಗ ಬಸವನ ಬಾಗೇವಾಡಿಯಲ್ಲಿ ಅದನ್ನು ನೋಡಲು ಬಾರದವರಿಲ್ಲ. ಎರಡೇ ಬಾಗಿಲು, ಎರಡೇ ಸೀಟು. ಒಳಗೆ ಕೂತರೆ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಂತೆ. ಕಾಲೇಜಿನ ದಿನಗಳಿಂದ ಆಸೆಪಟ್ಟು ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಯಾರು ಏನೆಂದರೂ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಆ ಕಾರು ಅವಳ ಕೆಲಸಕ್ಕೆ ಒಗ್ಗಲಿಲ್ಲ.

ಅವಳ ಕೆಲಸ ಒಂದೂರಿನದಲ್ಲ. ಆಪರೇಷನ್ನಿಗೆ ಮುನ್ನ ಅರಿವಳಿಕೆ ಕೊಡುವ ವೈದ್ಯೆ. ಜನರ ಬಾಯಲ್ಲಿ ಈ ಡಾಕ್ಟರಮ್ಮ ‘ನಿದ್ದಿ ಇಂಜೆಕ್ಷನ್ ಬಾಯಾರು’. ಬೆಳಿಗ್ಗೆ ಸಿಂದಗಿಯಲ್ಲಿ ಒಂದು, ಮಧ್ಯಾಹ್ನ ಇಂಡಿಯಲ್ಲಿ ಮೂಳೆಯದೊಂದು, ನಡುವೆ ಮುದ್ದೇಬಿಹಾಳದ ನರ್ಸಿಂಗ್ ಹೋಮಿನಿಂದ ಹೆರಿಗೆಯ ಫೋನು. ಅವಳು ಬಂದು ಮುಟ್ಟುವ ತನಕ ಸರ್ಜನ್ ಕೈಕಟ್ಟಿ ನಿಲ್ಲಬೇಕು. ತಾಯಿಗೆ ರಕ್ತ ಹೋಗುತ್ತಿದ್ದರೆ, ಒಳಗಿನ ಕೂಸಿನ ಎದೆಬಡಿತ ಇಳಿಯುತ್ತಿದ್ದರೆ, ದಾರಿಯಲ್ಲಿ ಕಳೆದ ಹೊತ್ತೆಲ್ಲ ಆ ಇಬ್ಬರ ಆಯುಷ್ಯದಿಂದಲೇ ಕಳೆಯುತ್ತದೆ.

ಕೆಂಪು ಕಾರು ಹಳ್ಳಿಗೊಂದರಂತಿದ್ದ ರೋಡ್ ಹಂಪುಗಳಿಗೆ ಹೊಟ್ಟೆ ತಿಕ್ಕಿಸಿಕೊಂಡಿತು. ಸುಗ್ಗಿಯಲ್ಲಿ ಇನ್ನೂ ಕಷ್ಟ. ಆ ಕಡೆಯ ರೈತರು ಹುರುಳಿ ಬಳ್ಳಿ ಕಿತ್ತು, ಸಜ್ಜೆ ಕೊಯ್ದು ತಂದು ಡಾಂಬರು ರಸ್ತೆಯ ಮೇಲೆ ದಪ್ಪಗೆ ಹರವುತ್ತಾರೆ. ಬಸ್ಸು ಲಾರಿ ಹಾದಂತೆಲ್ಲ ಕಾಳು ಉದುರುತ್ತದೆ. ಅದರ ಮೇಲೆ ಜೋರಾಗಿ ಹೋದರೆ ಚಕ್ರ ಜಾರುತ್ತದೆ. ಒಂದು ದಿನ ಬಳ್ಳಿ ಕೆಂಪು ಕಾರಿನ ಅಡಿಗೆ ಸುತ್ತಿಕೊಂಡು ಹೊಗೆಯಾಡಿತು. ಆಮೇಲೆ ಅವಳು ದಿನದ ಓಡಾಟಕ್ಕೆಂದೇ ಅಗ್ಗದ ಸಣ್ಣ ಕಾರೊಂದನ್ನು ಹುಡುಕಿದಳು.

ಮಾರಿದವರು ಊರಿನ ನಿವೃತ್ತ ಕಂಪೌಂಡರ್ ಇಬ್ರಾಹಿಂಸಾಬ. ಕಣ್ಣಿಗೆ ಪೊರೆ ಬಂದು ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಕೀಲಿ ಕೈಗಿಡುತ್ತ ಹೇಳಿದರು:

“ಬಾಯಾರ, ಮುದ್ದೇಬಿಹಾಳ ರೋಡಿನ್ಯಾಗ ಈ ಗಾಡಿಗೆ ಮಂದಿ ಕೈ ಮಾಡ್ತಾರ. ಹತ್ತಿಸ್ಕೊಂಡ್ರ ಛಲೋ. ಅವಸರ ಇದ್ದಾಗ ಹಗಲ ದೀಪ ಹಚ್ಚಿಬಿಡ್ರಿ. ಯಾರೂ ಕೈ ಮಾಡಂಗಿಲ್ಲ. ರಾಶಿ ಹಾಕಿದವ್ರೂ ಬದಿಗೆ ಎಳದು ದಾರಿ ಬಿಡ್ತಾರ. ಒಬ್ರು ನೋಡಿದ್ರ ಮುಂದಿನವ್ರಿಗೆ ಫೋನ್ ಹಚ್ತಾರ.”

“ಈಗಿನ ಬೈಕಿಗೆಲ್ಲಾ ಹಗಲೂ ದೀಪ ಇರ್ತಾವಲ್ರಿ, ಸಾಬರ?”

“ಬೈಕ ಯಾರ ಕೇಳ್ತಾರ್ರಿ. ದವಾಖಾನಿ ಗಾಡಿ ದೀಪ ಬ್ಯಾರೆ. ಎಷ್ಟ ಬಸುರಿ ಹೆಣ್ಮಕ್ಕಳನ್ನ ಹೊತ್ತೈತಿ ಇದು.”

ಮೊದಲ ದಿನವೇ ಊರು ದಾಟಿದ ಕೂಡಲೇ ಒಬ್ಬ ಮುದುಕಿ ಕೈ ಮಾಡಿದಳು. ಶೇವಂತೆವ್ವ ಅಂತ ಹೆಸರು. ಕಾಲಿನ ಮಣ್ಣನ್ನು ಕಲ್ಲಿಗೆ ತಿಕ್ಕಿ, ಹಿಂದಿನ ಬಾಗಿಲು ತೆಗೆದು, ಬದನೆಕಾಯಿ ಬುಟ್ಟಿಯೊಂದಿಗೆ ಕೂತಳು.

“ಸಾಬ ಎಲ್ಲದಾನ?”

“ಗಾಡಿ ನನಗ ಕೊಟ್ಟಾರ, ಆಯಿ.”

“ನನಗೊಂದ ಮಾತ ಹೇಳಿಲ್ಲ ನೋಡು,” ಎಂದಳು, ತನ್ನ ಹೊಲವನ್ನೇ ಯಾರೋ ಮಾರಿದಂತೆ. “ಹೋಗ್ಲಿ, ನಡಿ. ಸಾವಕಾಶ ಹೊಡಿ, ಬುಟ್ಟಿ ಐತಿ.”

ಹೀಗೆ ರೂಢಿಯಾಯಿತು. ಸಮಯವಿದ್ದ ದಿನ ಕಾವೇರಿ ನಿಲ್ಲಿಸುತ್ತಿದ್ದಳು. ಅವಸರದ ದಿನ ದೀಪ ಹಚ್ಚುತ್ತಿದ್ದಳು. ದೀಪ ಹಚ್ಚಿದರೆ ಸಾಕು, ರಸ್ತೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಬಳ್ಳಿಯನ್ನು ಬದಿಗೆ ಎಳೆದು, ಕೋಲು ಹಿಡಿದು ನಿಂತ ಹೆಂಗಸರು ಅವಳು ಹಾದುಹೋಗುವವರೆಗೆ ಮಾತಾಡುತ್ತಿರಲಿಲ್ಲ.

ಕೆಂಪು ಕಾರು ಭಾನುವಾರಕ್ಕೆ ಉಳಿಯಿತು. ಅಂಥದೊಂದು ಭಾನುವಾರ ಅವಳು ಅದನ್ನು ಮುದ್ದೇಬಿಹಾಳದ ಕಡೆಗೇ ತಿರುಗಿಸಿದಳು. ಎಂಜಿನ್ ಚಾಲೂ ಆದರೆ ಮುಂದಿನ ದೀಪ ತಾನೇ ಹತ್ತುವ ಕಾರು ಅದು. ಆರಿಸಲು ಗುಂಡಿಯೇ ಇಲ್ಲ. ಅವಳಿಗೆ ಅದರ ನೆನಪೂ ಇರಲಿಲ್ಲ. ರಸ್ತೆ ಅಂದು ಎಂದಿಲ್ಲದಷ್ಟು ಖಾಲಿ ಕಂಡಿತು. ಜನ ಸಾಲಾಗಿ ನಿಂತಿದ್ದರು. ಕಾರು ನೋಡಲು ನಿಂತಿದ್ದಾರೆ ಅಂದುಕೊಂಡು ಅವಳು ಕೈ ಬೀಸಿದಳು. ಅವರೂ ಬೀಸಿದರು.

ಮರುದಿನ ಸಣ್ಣ ಕಾರಿಗೆ ಹತ್ತಿದ ಶೇವಂತೆವ್ವ ಬುಟ್ಟಿ ಇಳಿಸುವ ಮೊದಲೇ ಕೇಳಿದಳು:

“ನಿನ್ನಿ ಕೂಸ ಹೆಂಗೈತಿ, ಎವ್ವಾ?”

“ಯಾವ ಕೂಸು?”

“ಕೆಂಪ ಗಾಡಿಗಿ ದೀಪ ಹಚ್ಕೊಂಡ ಓಡಿದೆಲ್ಲ. ಸಣ್ಣ ಗಾಡಿ ಸಾಲಂಗಿಲ್ಲ ಅಂದ್ರ ಕೇಸು ಭಾಳ ಕಠಿಣ ಇರಬೇಕು ಅಂದ್ವಿ. ಕೆನಾಲ್ ಬಾಜೂ ರಾಶಿ ಹಾಕ್ತಾನಲ್ಲ, ಆ ಮಂಜೂರನ ಹೇಣ್ತಿ ಮೆಹರಾಜ ದುವಾ ಮಾಡಿದ್ಳು. ನಾ ಹಣಮಪ್ಪಗ ಕಾಯಿ ಒಡಸ್ತೇನಿ ಅಂದೇನಿ.”

ಕಾವೇರಿ ಎಂಜಿನ್ ಆರಿಸಿದಳು. ‘ಕೂಸು ಆರಾಮ ಐತಿ’ ಎಂದರೆ ಮುಗಿಯುತ್ತಿತ್ತು. ಆದರೆ ಮುಂದಿನ ಭಾನುವಾರವೂ ಇವರು ರಾಶಿ ಎಳೆಯುತ್ತಾರೆ. ಎಂದಾದರೂ ಯಾರಾದರೂ ಅವಳನ್ನು ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಐಸ್‌ಕ್ರೀಮ್ ತಿನ್ನುತ್ತ ನಿಂತದ್ದನ್ನು ನೋಡುತ್ತಾರೆ. ಅಂದಿನಿಂದ ದೀಪವನ್ನು ಯಾರೂ ನಂಬುವುದಿಲ್ಲ, ಆಸ್ಪತ್ರೆಯಲ್ಲಿ ಕೂಸು ಸಾಯುತ್ತಿದ್ದರೂ. ನಿಜ ಹೇಳಿದರೂ ನಂಬಿಕೆ ಉಳಿಯುತ್ತದೆಂಬ ಖಾತ್ರಿ ಇರಲಿಲ್ಲ.

“ಕೂಸಿಲ್ಲ, ಆಯಿ. ಸುಮ್ನ ತಿರಗಾಕ ಹೋಗಿದ್ದೆ. ಆ ಗಾಡಿ ದೀಪ ಆರಂಗಿಲ್ಲ.”

ಶೇವಂತೆವ್ವ ಬದನೆಕಾಯಿಗಳನ್ನು ಸುಮ್ಮನೆ ಅತ್ತಿತ್ತ ಸರಿಸಿದಳು.

“ಅವಸರದಾಗ ಎಳ್ಯಾಕ ಹೋಗಿ ಮಂಜೂರನ ಹುರುಳಿ ಕೆನಾಲ್‌ದಾಗ ಬಿತ್ತು. ಅರ್ಧ ರಾಶಿ.”

“ಅವನ ಮುಂದ ನಾನ ಹೇಳ್ತೇನಿ.”

“ಹೇಳು. ಬೈತಾನ. ಬೈಸ್ಕೊ.”

ಮಂಜೂರ ರಸ್ತೆಯ ಮೇಲೆ ಉಳಿದ ಬಳ್ಳಿ ತಿರುವಿ ಹಾಕುತ್ತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಪೂರ್ತಿ ಕೇಳಿಸಿಕೊಂಡ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

“ನೀವು ದುಡದೀರಿ, ಮಜಾ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹಗಲ ದೀಪ ಹಚ್ಕೊಂಡ ಮಾಡಬ್ಯಾಡ್ರಿ, ಬಾಯಾರ.”

“ಇನ್ನ ಆ ಗಾಡಿ ಈ ರೋಡಿಗೆ ತರಂಗಿಲ್ಲ.”

“ನೋಡೂಣು,” ಎಂದು ಅವನು ಬಳ್ಳಿಗೆ ಕೈ ಹಾಕಿದ.

ಅಂದಿನಿಂದ ಕೆಂಪು ಕಾರು ಭಾನುವಾರ ನಿಡಗುಂದಿಯತ್ತ ಹೋಗಿ ಹೆದ್ದಾರಿ ಹಿಡಿಯತೊಡಗಿತು. ಅಲ್ಲಿ ಯಾರೂ ಯಾರಿಗೂ ದಾರಿ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ.

ವಾರ ಕಳೆದಿರಲಿಲ್ಲ, ಊಟಕ್ಕೆ ಕೂತಾಗ ಮುದ್ದೇಬಿಹಾಳದ ನರ್ಸಿನ ಫೋನು ಬಂತು.

“ಮ್ಯಾಡಮ್, ಲಗೂ ಬರ್ರಿ. ರಕ್ತ ನಿಲ್ಲವಲ್ದು. ಕೂಸಿನ ಹಾರ್ಟ್ ಇಳಿಯಾಕತ್ತೈತಿ.”

ಅಂಗಳದಲ್ಲಿ ಎರಡೂ ಕಾರು ನಿಂತಿದ್ದವು. ಅವಳು ಸಣ್ಣದನ್ನು ಹೊರಡಿಸಿ ದೀಪ ಹಚ್ಚಿದಳು. ಊರು ದಾಟಿದ ಮೇಲೆ ಮೊದಲ ರಾಶಿ ಹಾಗೇ ಹರಡಿತ್ತು. ಎರಡನೆಯದೂ. ಕೋಲು ಹಿಡಿದವರು ತಲೆಯೆತ್ತಿ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಕ್ರ ಎರಡು ಸಲ ಜಾರಿತು. ವೇಗ ಇಳಿಸದೆ ಗತಿಯಿರಲಿಲ್ಲ. ಕೆನಾಲ್ ಹತ್ತಿರ ಮಂಜೂರ ರಸ್ತೆಯ ನಡುವೆಯೇ ನಿಂತಿದ್ದ. ಕಿಟಕಿಗೆ ಬಗ್ಗಿದ.

“ಖರೇ ಐತೇನ್ರಿ?”

“ಖರೇ, ಮಂಜೂರ. ರಕ್ತ ಹೋಗಾಕತ್ತೈತಿ.”

ಅವನು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ತಿರುಗಿ ಮೆಹರಾಜಳಿಗೆ ಏನೋ ಹೇಳಿ, ತಾನು ಬಳ್ಳಿಯ ಒಂದು ತುದಿ ಹಿಡಿದ, ಅವಳು ಇನ್ನೊಂದು. ಎಳೆಯುತ್ತಲೇ ಫೋನನ್ನು ಭುಜದಿಂದ ಕಿವಿಗೆ ಒತ್ತಿಕೊಂಡು, “ಬಿಡ್ರೋ, ಬಾಯಾರು ಖರೇ ಬರಾಕತ್ತಾರ,” ಅನ್ನುತ್ತಿದ್ದ. ಅಲ್ಲಿಂದ ಮುದ್ದೇಬಿಹಾಳದವರೆಗೆ ಅವಳ ಕಾಲು ಬ್ರೇಕನ್ನು ಹುಡುಕಲಿಲ್ಲ.

ಆಪರೇಷನ್ ಕೋಣೆಯಲ್ಲಿ ಎಲ್ಲ ಸಿದ್ಧವಿತ್ತು. ಇಂಜೆಕ್ಷನ್ ಕೊಟ್ಟು ಕಣ್ಣಿನಲ್ಲೇ ಸರ್ಜನ್ನರಿಗೆ ಒಪ್ಪಿಗೆ ಕೊಟ್ಟಳು. ಕೂಸು ಹೊರಬಂದು ಮೊದಲು ಅಳಲಿಲ್ಲ. ನರ್ಸ್ ಬೆನ್ನು ತಿಕ್ಕಿದಳು, ಅಂಗಾಲು ತಟ್ಟಿದಳು. ಆಮೇಲೆ ಸಣ್ಣಗೆ ಅತ್ತಿತು, ಆಮೇಲೆ ದೊಡ್ಡದಾಗಿ.

ಹೊತ್ತು ಇಳಿಯುವಾಗ ಕಾವೇರಿ ಹಿಂದಿರುಗಿದಳು. ಕೆನಾಲ್ ಹತ್ತಿರ ಮೆಹರಾಜ ಗಾಳಿಗೆ ಹುರುಳಿ ತೂರುತ್ತಿದ್ದಳು. ಕಾರು ನಿಂತದ್ದು ನೋಡಿ ಮಂಜೂರ ಬಂದ.

“ಹೆಣ್ಣ ಕೂಸು. ತಾಯಿಗೆ ರಕ್ತ ಏರಿಸ್ಯಾರ. ಇಬ್ಬರೂ ಅದಾರ.”

ಅವನು ತಲೆಯಾಡಿಸಿದ. ಮೆಹರಾಜ ಮೊರವನ್ನು ಸೊಂಟಕ್ಕೆ ಇಟ್ಟುಕೊಂಡು ಹತ್ತಿರ ಬಂದಳು.

“ತೂಕ ಎಷ್ಟೈತ್ರಿ?”

“ಎರಡೂವರಿ ಕೇಜಿ.”

“ಸಾಕ ಬಿಡ್ರಿ, ಬೆಳಿತೈತಿ,” ಎಂದು ಅವಳು ಮತ್ತೆ ಗಾಳಿಗೆ ಮುಖ ಮಾಡಿ ನಿಂತಳು.