ಗಾಜಿನ ಸಾಮಾನು

ಒಂದು ಕಾಲೇಜಿಗೆ ದಾನ ಕೊಡಲು ಇಷ್ಟೊಂದು ದಾರಿಗಳಿವೆಯೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದಾನಿಗಳ ವಿಭಾಗದ ಅಧಿಕಾರಿ ನುಣುಪು ಕಾಗದದ ಪುಸ್ತಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಒಂದೊಂದರ ಮೇಲೂ ಬೆರಳಿಟ್ಟು ವಿವರಿಸುತ್ತಿದ್ದ. ಒಂದೇ ಸಲಕ್ಕೆ ಕೊಡಬಹುದು, ತಿಂಗಳ ಸಂಬಳದಲ್ಲಿ ಮುರಿಸಿಕೊಳ್ಳಬಹುದು, ಉಯಿಲಿನಲ್ಲಿ ಬರೆದಿಡಬಹುದು, ತೀರಿಕೊಂಡವರ ನೆನಪಿಗೆ ಅಂಗಳದಲ್ಲೊಂದು ಬೆಂಚು ಹಾಕಿಸಬಹುದು.

"ನಮ್ಮಪ್ಪ ಇನ್ನೂ ಇದಾರೆ," ಎಂದಳು ಅವಳು.

"ಓ, ತುಂಬಾ ಸಂತೋಷ ಮೇಡಂ. ಇರೋರ ಹೆಸರಲ್ಲೂ ಬೆಂಚು ಹಾಕಿಸ್ಬಹುದು."

"ಬೆಂಚು ಬೇಡ. ಸ್ಲೈಡ್‌ಗಳನ್ನ ತಂದಿದೀನಿ. ಕೆಳಗೆ ಗಾಡೀಲಿವೆ."

ಅವಳ ತಂದೆ ಇದೇ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಹೂವಿನ ಪರಾಗವೇ ಅವರ ಜೀವಮಾನದ ಹುಚ್ಚು. ಕಂಡ ಕಂಡ ಗಿಡದ ಹೂವಿನಿಂದ ಪರಾಗ ಉದುರಿಸಿ, ಬಣ್ಣ ಹಿಡಿಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಮೇಲೊಂದು ತೆಳುಗಾಜು ಮುಚ್ಚಿ, ಅಂಚನ್ನು ಮೇಣದಿಂದ ಬಿಗಿದು ಮರದ ಪೆಟ್ಟಿಗೆಗಳಲ್ಲಿ ಜೋಡಿಸುತ್ತ ಬಂದಿದ್ದರು. ಈಗ ಕಣ್ಣಿನ ನಡುಭಾಗವೇ ಮಸುಕಾಗಿತ್ತು. ನೋಟದ ಅಂಚಿನಲ್ಲಷ್ಟೇ ಒಂದಿಷ್ಟು ಬೆಳಕು ಉಳಿದಿತ್ತು. "ನನಗಂತೂ ಕಾಣಲ್ಲ, ಕಾಣೋ ಮಕ್ಕಳಾದ್ರೂ ನೋಡ್ಲಿ," ಎಂದು ಅವರೇ ಪೆಟ್ಟಿಗೆಗಳನ್ನು ಕಳಿಸಿದ್ದರು. ಅವರಿಗೆ ಇನ್ನು ಉಳಿದಿದ್ದ ಆಸೆ ಅದೊಂದೇ.

ಅಧಿಕಾರಿ ಕಂಪ್ಯೂಟರಿನ ಕಡೆ ತಿರುಗಿದ. "ವಸ್ತು ರೂಪದ ದಾನ... ಪುಸ್ತಕ ಇದೆ, ಪೀಠೋಪಕರಣ ಇದೆ, ಯಂತ್ರ, ಗಾಜಿನ ಸಾಮಾನು, ಇತರೆ. ಸ್ಲೈಡ್ ಅಂತ ಇಲ್ವಲ್ಲ ಮೇಡಂ."

"ಇತರೆ ಅಂತ ಹಾಕ್ಕೊಳ್ಳಿ."

"ಹಾಕ್ಬಹುದು. ಆದ್ರೆ ಅದಕ್ಕೊಂದು ಸಮಿತಿ ಕೂತು ಒಪ್ಪಿಗೆ ಕೊಡ್ಬೇಕು. ಅವರೆಲ್ಲ ಯಾವಾಗ ಸೇರ್ತಾರೋ ಆ ದೇವರಿಗೇ ಗೊತ್ತು. ಅಲ್ಲೀವರೆಗೂ ಪೆಟ್ಟಿಗೆ ನಿಮ್ಮನೇಲೇ ಇಟ್ಕೋಬೇಕಾಗುತ್ತೆ. ಗಾಜಿನ ಸಾಮಾನು ಅಂದ್ರೆ ಇವತ್ತೇ ಉಗ್ರಾಣಕ್ಕೆ ಇಳಿಸ್ಕೋತಾರೆ. ಗಾಜೇ ಅಲ್ವಾ?"

ಅವಳು ಕನ್ನಡಕದಂಗಡಿಯಲ್ಲಿ ಮಸೂರಗಳನ್ನು ತೇಯ್ದು ಚೌಕಟ್ಟಿಗೆ ಕೂರಿಸುವವಳು. ಊಟದ ಬಿಡುವಿನಲ್ಲಿ ಓಡಿ ಬಂದಿದ್ದಳು. ಮಾಲೀಕ ಆಗಲೇ ಫೋನು ಮಾಡಿ ರೇಗಿದ್ದ. ಆ ಪೆಟ್ಟಿಗೆಗಳು ಮನೆಯ ಮಂಚದಡಿ, ಬೀರುವಿನ ಮೇಲೆ, ಬಾಗಿಲ ಸಂದಿಯಲ್ಲಿ ಜಾಗ ಹಿಡಿದು ವರ್ಷಗಳಿಂದ ಅವಳ ಕಾಲಿಗೆ ತೊಡರುತ್ತಿದ್ದವು. ಮತ್ತೆ ಮನೆಗೆ ಹೊತ್ತೊಯ್ಯುವ ಮಾತು ಕೇಳಿಯೇ ಅವಳ ಜೀವ ಹಿಡಿಯಷ್ಟಾಯಿತು.

"ಗಾಜೇ. ಹಾಗೇ ಬರ್ಕೊಳ್ಳಿ," ಎಂದಳು.

ಸಂಜೆ ಅಪ್ಪ ಕೇಳಿದರು: "ಎಲ್ಲಿಟ್ರಂತೆ? ಪ್ರಯೋಗಾಲಯದಲ್ಲೇ ತಾನೆ?"

"ಹೂಂ ಅಪ್ಪ, ಅಲ್ಲೇ."

"ಬಿಸಿಲು ಬೀಳೋ ಕಡೆ ಇಡ್ಬೇಡಿ ಅಂತ ಹೇಳ್ದೆಯಾ?"

"ಹೇಳ್ದೆ." ಅವಳು ಹೇಳಿರಲಿಲ್ಲ.

ಕೆಲವು ತಿಂಗಳ ಮೇಲೆ ದಾನಿಗಳ ಸಮಾರಂಭಕ್ಕೆ ಕರೆ ಬಂತು. ಅಪ್ಪ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊರಡುವ ಹೊತ್ತಿಗಿಂತ ಬಹಳ ಮುಂಚೆಯೇ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಕಾಲೇಜು ಮುಟ್ಟಿದ ಮೇಲೆ ಸಭಾಂಗಣದ ಕಡೆ ಹೋಗಲೊಲ್ಲರು. "ಮೊದಲು ಪ್ರಯೋಗಾಲಯ. ಭಾಷಣ ಎಲ್ಲಿಗೂ ಓಡಿಹೋಗಲ್ಲ. ಓಡಿಹೋದ್ರೆ ಇನ್ನೂ ಒಳ್ಳೇದು," ಎಂದು ಅವಳ ಮೊಣಕೈ ಹಿಡಿದು, ಕಣ್ಣಿನ ಹಂಗಿಲ್ಲದೆ ಕಾರಿಡಾರಿನಲ್ಲಿ ತಾವೇ ದಾರಿ ತೋರಿಸಿದರು.

ಒಳಗೆ ತರಗತಿ ನಡೆಯುತ್ತಿತ್ತು. ಮೇಜುಗಳ ಉದ್ದಕ್ಕೂ ವಿದ್ಯಾರ್ಥಿಗಳು ಸೂಕ್ಷ್ಮದರ್ಶಕಗಳ ಮೇಲೆ ಬಾಗಿದ್ದರು. ಅಪ್ಪ ಬಾಗಿಲ ಬಳಿಯ ಮೇಜನ್ನು ತಡವಿ, ಅಲ್ಲಿದ್ದ ಒಂದು ಸ್ಲೈಡನ್ನು ಕೈಗೆತ್ತಿಕೊಂಡು, ತುದಿಯ ಮೇಲೆ ಹೆಬ್ಬೆರಳಾಡಿಸಿದರು. ಕಾಗದದ ಚೀಟಿಗೆ ಹುಳು ಬೀಳುತ್ತದೆಂದು ಅವರು ಪ್ರತಿಯೊಂದು ಗಾಜಿನ ತುದಿಯಲ್ಲೂ ವಜ್ರದ ಮೊನೆಯಿಂದ ಅಂಕಿ ಕೊರೆಯುತ್ತಿದ್ದರು. ಬೆರಳು ಮತ್ತೊಮ್ಮೆ ಹರಿದಾಡಿ ನಿಂತಿತು. ಅವರ ಮುಖ ಅರಳಿತು.

"ಇದು ನಂದೇ! ಬಸ್ ಡಿಪೋ ಇದೆಯಲ್ಲ, ಅದು ಮೊದಲು ಜೌಗು ನೆಲ. ಅಲ್ಲೊಂದು ನೀರುಗಿಡ ಇತ್ತು, ಇಷ್ಟೇ ಇಷ್ಟು ಬಿಳಿ ಹೂವು. ಮಣ್ಣು ತುಂಬಿಸಿದ್ರು, ಹೋಯ್ತು. ಆಮೇಲೆ ಎಲ್ಲೂ ಸಿಕ್ಲಿಲ್ಲ ನಂಗೆ." ಪಕ್ಕದಲ್ಲಿದ್ದ ವಿದ್ಯಾರ್ಥಿನಿಯ ಕಡೆ ಸ್ಲೈಡ್ ಚಾಚಿದರು. "ಇದನ್ನಿಟ್ಟು ನೋಡಮ್ಮ. ಏನು ಕಾಣುತ್ತೆ ಹೇಳು."

ಹುಡುಗಿ ಇಟ್ಟಳು, ತಿರುಪು ಹೊಂದಿಸಿದಳು. "ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು ಕಾಣ್ತಿವೆ ಸರ್."

"ಇಟ್ಟಿಗೆ ಹೇಗೆ ಬಂತು? ಕಾಳಿನ ಹಾಗೆ ಇರ್ಬೇಕು. ಮೈಮೇಲೆಲ್ಲ ಸಣ್ಣ ಸಣ್ಣ ಮುಳ್ಳು."

"ಇಲ್ಲ ಸರ್. ಇದು ಈರುಳ್ಳಿ ಪೊರೆ. ಈಗಷ್ಟೇ ನಾನೇ ಸುಲಿದು ಇಟ್ಟಿದ್ದು."

ಮಾತು ಕೇಳಿ ಪ್ರಯೋಗಾಲಯದ ಸಹಾಯಕಿ ತೊಟ್ಟಿಯ ಬಳಿಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ದಾನ ಕೊಟ್ಟವರು ಇವರೇ ಎಂದು ತಿಳಿದು ಬಾಯ್ತುಂಬ ನಕ್ಕಳು. "ಒಳ್ಳೇ ಸಮಯಕ್ಕೆ ಕಳಿಸಿದ್ರಿ ಸರ್! ಸ್ಲೈಡೇ ಇಲ್ದೆ ಒದ್ದಾಡ್ತಿದ್ವಿ. ಗಾಜಿನ ಸಾಮಾನು ಬಂದ್ರೆ ತೊಳೆದೇ ಒಳಗೆ ತಗೋಬೇಕು, ಇಲ್ಲಿ ಅದೇ ಪದ್ಧತಿ. ಆದ್ರೆ ಅದೇನು ಅಂಟು ಹಾಕಿದ್ರಿ ಮಾರಾಯ್ರೆ? ಆಸಿಡ್‌ನಲ್ಲಿ ನೆನೆಸಿ ನೆನೆಸಿ ಸಾಕಾಯ್ತು. ನನ್ನ ಬೆರಳು ನೋಡಿ, ಇನ್ನೂ ಸುಲೀತಿದೆ."

"ಎಲ್ಲಾನೂ ತೊಳೆದ್ರಾ?" ಎಂದರು ಅಪ್ಪ.

"ಒಂದೂ ಬಿಟ್ಟಿಲ್ಲ ಸರ್. ಹೊಸದರ ಹಾಗೆ ಹೊಳೀತಿವೆ."

ಮಗಳಿಗೆ ಗಾಜಿನ ಗುಣ ಗೊತ್ತಿತ್ತು. ಒಮ್ಮೆ ತೊಳೆದ ಗಾಜಿನ ಮೇಲಿಂದ ಹೋದದ್ದನ್ನು ಮತ್ತೆ ತರುವ ಯಾವ ಉಪಾಯವೂ ಇಲ್ಲವೆಂಬುದೂ ಗೊತ್ತಿತ್ತು. ಅಪ್ಪ ಇನ್ನೂ ಹುಡುಗಿಯ ಕಡೆಗೇ ಮುಖ ಮಾಡಿ ನಿಂತಿದ್ದರು. ಆ ಹುಡುಗಿ, ತಪ್ಪು ಉತ್ತರ ಹೇಳಿದವಳಂತೆ, ಮತ್ತೆ ಬಾಗಿ ಸೂಕ್ಷ್ಮದರ್ಶಕದೊಳಗೆ ಹುಡುಕತೊಡಗಿದ್ದಳು.

ಅಷ್ಟರಲ್ಲಿ ಅಧಿಕಾರಿ ಅವರನ್ನು ಅರಸಿಕೊಂಡು ಬಂದ. ವೇದಿಕೆಯಲ್ಲಿ ಫಲಕ ಸಿದ್ಧವಾಗಿತ್ತು: ಸಸ್ಯಶಾಸ್ತ್ರ ವಿಭಾಗಕ್ಕೆ ಗಾಜಿನ ಸಾಮಾನು ನೀಡಿದ ಉದಾರಿಗಳಿಗೆ. ಚಪ್ಪಾಳೆಯಾಯಿತು, ಫೋಟೋ ಆಯಿತು. ಅಪ್ಪ ಫಲಕವನ್ನು ತಲೆಕೆಳಗಾಗಿ ಹಿಡಿದಿದ್ದರು. ತಿರುಗಿಸಿಕೊಡುವುದು ಯಾರಿಗೂ ತೋಚಲಿಲ್ಲ. ಕೆಳಗಿಳಿಯುವಾಗ ಅಧಿಕಾರಿ ಅವರ ಕಿವಿಯ ಹತ್ತಿರ ಬಾಗಿದ. "ಸರ್, ತಪ್ಪು ತಿಳೀಬೇಡಿ, ತಮ್ಮಂಥವರಿಗೆ ಅಂತಲೇ ಇನ್ನೊಂದು ದಾರಿ ಇದೆ. ನಮ್ಮ ಸಂಸ್ಥೆಯದೇ ವೈದ್ಯಕೀಯ ಕಾಲೇಜಿಗೆ ದೇಹದಾನ."

"ಅದನ್ನ ಯಾವುದರಲ್ಲಿ ಬರ್ಕೋತೀಯಪ್ಪ? ಪೀಠೋಪಕರಣಾನಾ?" ಎಂದರು ಅಪ್ಪ. ಅಧಿಕಾರಿ ಗಟ್ಟಿಯಾಗಿ ನಕ್ಕ. ದಾನಿಗಳ ಹಾಸ್ಯಕ್ಕೆ ನಗುವುದು ಅವನ ಕೆಲಸದ ಒಂದು ಭಾಗವಾಗಿತ್ತು.

ಬಸ್ಸಿನಲ್ಲಿ ಕೂತ ಮೇಲೆ ಅಪ್ಪ ಕೇಳಿದರು.

"ಗಾಜಿನ ಸಾಮಾನು ಅಂತ ಬರೆಸಿದ್ದು ಯಾರೇ?"

ಅಪ್ಪನ ನೋಟದ ಅಂಚಿನಲ್ಲಿ ತಾನು ಎಷ್ಟು ಕಾಣುತ್ತಿರಬಹುದೆಂದು ಅವಳು ಅಳೆದಳು.

"ಅವನೇ ಅಪ್ಪ. ಆ ಅಧಿಕಾರಿ."

"ಅಂದ್ಕೊಂಡೆ. ಕತ್ತೆ! ಗಾಜು ಯಾವುದು, ಗಾಜಿನ ಮೇಲಿರೋದು ಯಾವುದು ಅಂತ ಗೊತ್ತಿಲ್ದೋನು. ನೀನು ಕೇಳ್ಲಿಲ್ವಾ ಅವನ್ನ?"

"ಬಡ್ಕೊಂಡೆ. ಕಿವೀಗೇ ಹಾಕ್ಕೊಳ್ಲಿಲ್ಲ."

"ಹೂಂ. ನೀನಾದ್ರೂ ಏನು ಮಾಡ್ತೀಯ," ಎಂದು ಅಪ್ಪ ಅವಳ ಕೈ ತಟ್ಟಿದರು.

ಆಮೇಲೆ ದಾರಿಯುದ್ದಕ್ಕೂ ಇಬ್ಬರೂ ಸೇರಿ ಆ ಅಧಿಕಾರಿಯನ್ನು ಬೈದರು. ಅವನ ನುಣುಪು ಪುಸ್ತಿಕೆಯನ್ನು, ಅವನ ನಗುವನ್ನು, ಅವನಿಗೆ ಕೆಲಸ ಕೊಟ್ಟವರನ್ನು ಬೈದರು. ಅಪ್ಪನಿಗೆ ಬಹಳ ಬೇಗ ಸುಸ್ತಾಗಿ, ತಲೆ ಕಿಟಕಿಗೆ ಒರಗಿತು. ಅವಳು ಮಾತ್ರ ಬೈಯುತ್ತಲೇ ಇದ್ದಳು. ಹೊಸ ಹೊಸ ಬೈಗುಳ ಹುಡುಕಿ, ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.