ಮೇಣ ಬಿದ್ದ ಹಾಳೆ

ಹಾಳೆ ಹೋಗಿತ್ತು. ಎಲ್ಲಿಗೆ ಹೋಯಿತು ಅನ್ನುವುದೂ ಶಿಫ್ರಾಗೆ ಗೊತ್ತಿತ್ತು, ಅದೇ ಸಂಕಟ. ಭಾನುವಾರ ಬೆಳಿಗ್ಗೆ ಪ್ರಾರ್ಥನಾ ಮಂದಿರದವರು ಹರಿದ ಧರ್ಮಗ್ರಂಥಗಳ ಪೆಟ್ಟಿಗೆಗಳನ್ನೆಲ್ಲ ಸ್ಮಶಾನಕ್ಕೆ ಒಯ್ದು ಮಣ್ಣು ಮಾಡಿ ಬಂದಿದ್ದರು. ಅವಳ ಅಂಗಡಿಯ ಪೆಟ್ಟಿಗೆಯೂ ಅದರಲ್ಲಿತ್ತು.

ಅಮೆರಿಕದ ಸ್ಕೋಕಿ ಊರಿನ ಡೆಂಪ್‌ಸ್ಟರ್ ಬೀದಿಯಲ್ಲಿ ಹಳೆ ಪುಸ್ತಕ ರಿಪೇರಿ ಮಾಡುವವಳು ಶಿಫ್ರಾ. ಈ ಕಸುಬು ಎಲ್ಲಿ ಕಲಿತೆ ಅಂತ ಯಾರಾದರೂ ಕೇಳಿದರೆ ಕಾಲೇಜಿನ ಹೆಸರು ಹೇಳುತ್ತಿರಲಿಲ್ಲ. ಯಹೂದಿ ಶಾಲೆಯ ಎರಡನೇ ಕ್ಲಾಸು, ಮೋರಾ ಗಿಟ್ಟಲ್ ಅನ್ನುತ್ತಿದ್ದಳು. ಮೋರಾ ಅಂದರೆ ಟೀಚರಮ್ಮ. ಪುಸ್ತಕ ಬಿದ್ದರೆ ಎತ್ತಿ ಮುತ್ತಿಡು, ಬೋರಲು ಹಾಕಬೇಡ, ದೇವರ ಹೆಸರಿರುವ ಹಾಳೆ ಹರಿದರೆ ಕಸದ ಬುಟ್ಟಿಗಲ್ಲ, ಹೂಳುವ ಪೆಟ್ಟಿಗೆಗೆ ಹಾಕು. ಆ ಪಾಠ ತಲೆಗಿಂತ ಮೊದಲು ಅವಳ ಬೆರಳಿಗೆ ಇಳಿದಿತ್ತು.

ಈಗ ಅದೇ ಮೋರಾ ತಮ್ಮ ತಾಯಿಯ ಪ್ರಾರ್ಥನೆ ಪುಸ್ತಕವನ್ನು ರಿಪೇರಿಗೆ ಕೊಟ್ಟಿದ್ದರು. ಶುಕ್ರವಾರ ಸಂಜೆ ದೀಪ ಹಚ್ಚುವಾಗ ಓದುವ ಹಾಳೆ ಮೇಣ ಬಿದ್ದೂ ಬಿದ್ದೂ ಮುರುಟಿ ಕಳಚಿ ಬಂದಿತ್ತು. ಶಿಫ್ರಾ ಅದೇ ಮುದ್ರಣದ ಬೇರೊಂದು ಪ್ರತಿಯಿಂದ ಹಾಳೆ ತೆಗೆದು ಕೂರಿಸಿದಳು. ಹಳೆಯದನ್ನು ಕೈ ತಾನಾಗಿಯೇ ಪೆಟ್ಟಿಗೆಗೆ ಹಾಕಿತ್ತು. ಅದೂ ಮುತ್ತಿಟ್ಟು. ಅದು ಮೋರಾಗೆ ಹಿಂದಿರುಗಿಸಬೇಕಾದ ಹಾಳೆ ಅನ್ನುವುದು ಆಮೇಲೆ ಹೊಳೆಯಿತು.

ಹೂಳುವ ಕೆಲಸ ನೋಡಿಕೊಳ್ಳುವ ಪಿಂಕಸ್‌ಗೆ ಫೋನ್ ಮಾಡಿದಳು.

"ಅಂಕಲ್, ನನ್ನ ಪೆಟ್ಟಿಗೆ ಸ್ವಲ್ಪ ತೆಗೆಸೋಕಾಗುತ್ತಾ?"

"ಏನಮ್ಮಾ, ಹೂತಿದ್ದನ್ನ ಅಗೆಯೋದಾ? ಅದರ ಮೇಲೆ ಊರಿನ ಪೆಟ್ಟಿಗೆಗಳೆಲ್ಲ ಇವೆ. ಹುಡುಕ್ತಾ ಹುಡುಕ್ತಾ ನನ್ನನ್ನೂ ಅಲ್ಲೇ ಮಲಗಿಸಿ ಬರ್ತೀಯ."

"ಮೋರಾ ಗಿಟ್ಟಲ್ ಅವರದ್ದು ಅಂಕಲ್."

"ನನ್ನ ಮಗನಿಗೂ ಅವರೇ ಓದಿಸಿದ್ದು," ಅಂದ ಪಿಂಕಸ್. "ನೀನೇ ಹೇಳ್ಕೋಮ್ಮ. ನನ್ನ ಹೆಸರು ಮಾತ್ರ ಎತ್ತಬೇಡ."

ಹೇಳದೆ ಇದ್ದರೆ? ಮೋರಾಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಹೊಸ ಹಾಳೆ ಅಷ್ಟು ಚೆನ್ನಾಗಿ ಕೂತಿತ್ತು. ಅವರ ಮನೆಯ ದಾರಿಯುದ್ದಕ್ಕೂ ಇದೇ ಯೋಚನೆ, ಇದಕ್ಕೇ ನಾಚಿಕೆ.

"ಬಾರೇ," ಅಂದರು ಮೋರಾ ಬಾಗಿಲಲ್ಲೇ. "ಎರಡನೇ ಕ್ಲಾಸಲ್ಲಿ ಗೋಂದು ತಿಂತಿದ್ದೋಳು, ಈಗ ಗೋಂದಿನಲ್ಲೇ ಹೊಟ್ಟೆ ಹೊರೀತಿದೀಯ."

ಪುಸ್ತಕ ಮಡಿಲಿಗೆ ಬಂತು. ಮೂಸಿದರು, ಬೆನ್ನು ಸವರಿದರು, ದೀಪದ ಹಾಳೆಗೇ ಹೋದರು. ತೋರುಬೆರಳು ಒಂದು ಮೂಲೆಯಲ್ಲಿ ನಿಂತಿತು, ಹಿಂದೆ ಸರಿಯಿತು, ಮತ್ತೆ ಬಂತು.

"ಇಲ್ಲಿ ಗಂಟಿತ್ತಲ್ಲ, ಮೇಣದ್ದು? ನಮ್ಮಮ್ಮನ ಕೈ ನಡುಗ್ತಿತ್ತು ನೋಡು, ಯಾವಾಗ್ಲೂ ಇಲ್ಲೇ ಬೀಳೋದು."

"ಅದು... ಕ್ಲೀನ್ ಮಾಡಿ..." ಅಂದಳು ಶಿಫ್ರಾ. ಮುಂದಿನ ಸುಳ್ಳು ಬರಲಿಲ್ಲ. ಬೆರಳು ಇನ್ನೂ ಹುಡುಕುತ್ತಲೇ ಇತ್ತು. "ಇಲ್ಲ ಮೋರಾ. ಆ ಹಾಳೆ ಇಲ್ಲ. ಹರಿದಿತ್ತು ಅಂತ ಹೂಳೋ ಪೆಟ್ಟಿಗೆಗೆ ಹಾಕಿಬಿಟ್ಟೆ. ಮಣ್ಣಾಗಿದೆ. ನಿಮ್ಮನ್ನ ಒಂದು ಮಾತು ಕೇಳಲಿಲ್ಲ."

ಬೆರಳು ನಿಂತಿತು. ಮೋರಾ ಬೈಯಲಿ ಅಂತ ಅವಳು ಕಾದಳು.

"ಮುತ್ತಿಟ್ಟೆಯಾ, ಹಾಕೋವಾಗ?"

"ಹೂಂ."

"ಹಾಕು ಅಂತ ಕಲಿಸಿದೋಳು ನಾನು. ಹಾಕೋಕೆ ಮುಂಚೆ ಅದು ಯಾರದ್ದೋ ಅವರನ್ನ ಕೇಳು ಅಂತ ಹೇಳಲೇ ಇಲ್ಲ ನೋಡು."

ಬೈದಿದ್ದರೆ ಹಗುರವಾಗುತ್ತಿತ್ತು. ತಪ್ಪನ್ನೂ ಅವರೇ ಹೊತ್ತುಕೊಂಡುಬಿಟ್ಟರು.

"ಶುಕ್ರವಾರ ಬಾ," ಅಂದರು ಮೋರಾ. "ಪುಸ್ತಕ ನೀನು ಹಿಡ್ಕೊ."

ಶುಕ್ರವಾರ ಹೋದಳು. ದೀಪದ ಪಕ್ಕ ಪುಸ್ತಕ ಹಿಡಿದು ನಿಂತಳು. ಮೋರಾ ಉದ್ದನೆಯ ಮೇಣದ ಬತ್ತಿಯಿಂದ ಎರಡು ದೀಪ ಹಚ್ಚಿದರು, ಅವರ ಕೈಯೂ ಈಗ ನಡುಗುತ್ತಿತ್ತು. ಒಂದು ತೊಟ್ಟು ಮೇಣ ಹೊಸ ಹಾಳೆಯ ಮೇಲೆ ಬಿತ್ತು, ಅಮ್ಮನ ಮೂಲೆಯಲ್ಲಲ್ಲ, ನಟ್ಟನಡುವೆ, ಅಕ್ಷರಗಳ ಮೇಲೆ. ಮೋರಾ ಕಣ್ಣು ಮುಚ್ಚಿ ಮಂತ್ರ ಹೇಳತೊಡಗಿದರು.

ಶಿಫ್ರಾಳ ಹೆಬ್ಬೆರಳು ಒರೆಸಲು ಆಗಲೇ ಹೊರಟಿತ್ತು. ಅವಳು ಅದನ್ನು ಅಂಗೈಯೊಳಗೆ ಮಡಿಸಿ, ಮೇಣ ಗಟ್ಟಿಯಾಗುವವರೆಗೂ ಬಿಗಿಹಿಡಿದಳು.