ಜೇಬಿನೊಳಗಿನ ಮೇಡಂ

ಭಾವನಿಗೆ ಯಾರ ಮಾತನ್ನೂ ಕೊನೆಯವರೆಗೆ ಕೇಳಿ ಅಭ್ಯಾಸವಿರಲಿಲ್ಲ. ಹೆಂಡತಿಯ ಮಾತನ್ನು ಅರ್ಧಕ್ಕೇ ಕತ್ತರಿಸುತ್ತಿದ್ದ. ನಾದಿನಿಯ ಮಾತು ಅರ್ಧದವರೆಗೂ ಬರುತ್ತಿರಲಿಲ್ಲ. ಓದು ಬಿಟ್ಟು ಅಕ್ಕನ ಮನೆ ಸೇರಿದ್ದ ಆ ಹುಡುಗಿಗೆ ಅವನಿಟ್ಟ ಹೆಸರು ಮೂಗಿ.

ಫೋನಿನ ಮೇಡಂ ಎಂದರೆ ಮಾತ್ರ ಅವನಿಗೆ ಎಲ್ಲಿಲ್ಲದ ಭಯಭಕ್ತಿ. ಬೆಳೆ ಸಲಹಾ ಕೇಂದ್ರದ ಯಂತ್ರ ಹೊಲದ ಮಣ್ಣು, ಹವಾಮಾನ, ಪೈರಿನ ವಯಸ್ಸು ಎಲ್ಲ ಅಳೆದು ತೂಗಿ, ನೀರೆಷ್ಟು, ಗೊಬ್ಬರ ಯಾವಾಗ ಎಂದು ಹೆಣ್ಣುದನಿಯಲ್ಲಿ ಹೇಳುತ್ತಿತ್ತು. ಭಾವ ಎದ್ದು ನಿಂತು ಕೇಳುತ್ತಿದ್ದ.

“ಮಾತು ಅಂದ್ರೆ ಇದು ಕಣೇ. ಎಷ್ಟು ಓದಿರ್ಬೇಕು ಈಯಮ್ಮ!”

ಆ ‘ಈಯಮ್ಮ’, ಅವನ ನಾದಿನಿ ಮೂಗಿಯೇ, ಪಕ್ಕದಲ್ಲೇ ಕೂತು ಪಾತ್ರೆ ಉಜ್ಜುತ್ತಿದ್ದಳು. ಕಣ್ಣು ತೋರಿಸುವ ನೆಪ ಹೇಳಿ ಅಕ್ಕನೇ ಅವಳನ್ನು ಯಂತ್ರಕ್ಕೆ ದನಿ ಕೊಡಲು ಕೇಂದ್ರಕ್ಕೆ ಕರೆದೊಯ್ದಿದ್ದಳು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಎದುರಿಗೆ ಯಾರ ಮುಖವೂ ಇರಲಿಲ್ಲ, ಅದಕ್ಕೇ ಅವಳಿಗೆ ಮಾತು ಬಂತು. ಮಾತುಗಳನ್ನು ತುಂಡು ಮಾಡಿ ಹೇಳಿಸಿಕೊಂಡಿದ್ದರು. ‘ಸಿಂಪಡಿಸ’ ಒಂದು ತುಂಡು, ‘ಬೇಕು’ ಒಂದು, ‘ಬೇಡಿ’ ಇನ್ನೊಂದು. ಸರಿಯಾದ ತುಂಡು ಹುಡುಕಿ ಜೋಡಿಸಲು ಯಂತ್ರಕ್ಕೆ ಒಂದು ಉಸಿರಿನಷ್ಟು ತಡವಾಗುತ್ತಿತ್ತು.

ಅವತ್ತು ಫೋನು ಹೇಳಿತು: “ನಿಮ್ಮ ಸೂರ್ಯಕಾಂತಿ ಹೂಬಿಟ್ಟಿದೆ. ಹತ್ತಿರದಲ್ಲಿ ಜೇನುಪೆಟ್ಟಿಗೆಗಳಿವೆ. ಈಗ ಔಷಧಿ ಸಿಂಪಡಿಸ...”

ಹುಳ ಬಿದ್ದಿದೆ ಎಂದು ಔಷಧಿ ತಂದಿಟ್ಟುಕೊಂಡು ತುದಿಗಾಲಲ್ಲಿ ನಿಂತಿದ್ದ ಭಾವ ಅಷ್ಟಕ್ಕೇ ಫೋನು ಕತ್ತರಿಸಿ ಜೇಬಿಗಿಳಿಸಿದ.

“ಕೇಳಿದ್ಯಾ? ಹೊಡೀಬೇಕಂತೆ.”

“ರೀ, ನನ್ನ ಜೇನು...” ಎಂದಳು ಅಕ್ಕ. ನನ್ನದು ಎನ್ನಲು ಆ ಮನೆಯಲ್ಲಿ ಅವಳಿಗಿದ್ದದ್ದು ಹೊಲದಂಚಿನ ಆ ಪೆಟ್ಟಿಗೆಗಳಷ್ಟೇ.

“ಜೇನೂ ಇಲ್ಲ ಗೀನೂ ಇಲ್ಲ. ಮೇಡಂಗಿಂತ ನಿಂಗೆ ಜಾಸ್ತಿ ಗೊತ್ತಾ?”

ಔಷಧಿ ಕಲಸಿದ. ಪಂಪು ಬೆನ್ನಿಗೇರಿತು. ಅಕ್ಕ ಹೊಸಿಲ ಮೇಲೆ ಕುಸಿದು ಕೂತಳು. ಇಂಥವನಿಗೆ ಹೆದರಿ ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆನಲ್ಲ ಎಂದು ಹುಡುಗಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಾಗಿಲ ಹಿಂದೆ ಸರಿದಳು. ಅವನ ಮುಖ ಕಾಣದಿದ್ದರೆ ಸಾಕು.

“ಬೇಡಿ.”

ಭಾವ ನಿಂತಲ್ಲೇ ನಿಂತ. ಜೇಬು ತಡವಿಕೊಂಡ. “ಹಲೋ? ಮೇಡಂ, ಇನ್ನೂ ಲೈನಲ್ಲಿದ್ದೀರಾ?”

“ಹೂ ಇರುವವರೆಗೆ ಸಿಂಪಡಿಸಬೇಡಿ. ಮಾತು ಮುಗಿಯುವ ಮುಂಚೆ ಫೋನು ಇಡಬೇಡಿ.”

“ಆಯ್ತು ಮೇಡಂ. ತಪ್ಪಾಯ್ತು ಮೇಡಂ.” ತನ್ನ ಜೇಬಿಗೆ ತಾನೇ ತಲೆಬಾಗಿಸಿದ. ಬೆನ್ನ ಮೇಲಿನ ಪಂಪು ಮುಂದಕ್ಕೆ ವಾಲಿ, ಮುಗ್ಗರಿಸಿ ಗೋಡೆ ಹಿಡಿದುಕೊಂಡ. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಪಂಪು ಇಳಿಸಿದವನ ಕಣ್ಣಿಗೆ ಬಾಗಿಲ ಹಿಂದಿನಿಂದ ಬಂದ ನಾದಿನಿ ಬಿದ್ದಳು. “ನೋಡಿದ್ಯಾ ಮೂಗಿ, ಹೇಗೆ ಖಡಕ್ಕಾಗಿ ಹೇಳಿದ್ರು! ನೀನೂ ಇದ್ದೀಯ, ದಂಡಕ್ಕೆ.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ದನಿ ತನ್ನದೆಂದು ಹೇಳಿಬಿಡಬಹುದಿತ್ತು. ಹೇಳಿದರೆ ನಾಳೆಯಿಂದ ಆ ದನಿಗೂ ಕಿವಿ ಕೊಡುವವನಲ್ಲ ಇವನು. ಅಕ್ಕನ ಜೇನು ಉಳಿಯುವುದಿಲ್ಲ. ಜೇಬಿಗೆ ತಲೆಬಾಗಿಸುವವನಿಗೆ ಜೇಬೇ ಸರಿ.

“ಹೂಂ ಭಾವ,” ಎಂದು ಗೊಣಗಿ, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.